ಐಸಿನ ಕಾವಲು

ಬಂದರಿನ ಐಸ್ ಫ್ಯಾಕ್ಟರಿಯ ಮಾಲೀಕ ವಾಮನ ಮೆಂಡನ್ ಐಸ್ ಮೇಲೆ ಆಡುವ ಹಾಕಿ ಆಟಕ್ಕೊಂದು ಹವ್ಯಾಸಿ ಕ್ಲಬ್ ಕಟ್ಟಿದಾಗ ಊರೇ ನಕ್ಕಿತ್ತು. ಇಂದು ಸಂಜೆ ಅದರ ಮೊದಲ ಪಂದ್ಯ. ಗೋದಾಮಿನ ನೆಲದ ತುಂಬ ಐಸ್ ಹಾಸಿದ್ದಾಯಿತು, ಲಡಾಖಿನಿಂದ ಎದುರಾಳಿ ತಂಡವೂ ಬಂದಾಯಿತು. ಅತಿಥಿಗಳನ್ನು ಊಟಕ್ಕೆ ಕರೆದೊಯ್ಯುವ ಮೊದಲು ಮೆಂಡನ್ ಕಾವಲಿಗೆ ಗುಲಾಬಿಯಕ್ಕನನ್ನೇ ಕರೆಸಿದ. ಅವಳು ಮಾರುವ ಒಣಮೀನು ವರ್ಷವಾದರೂ ಕೆಡುತ್ತಿರಲಿಲ್ಲ.

"ಇದು ಹಾಳಾದ್ರೆ ನನ್ನ ಮರ್ಯಾದೆ ಹೋಯ್ತು ಅಕ್ಕ."

"ನನಗೆ ಬಿಡಿ ಧಣಿ. ನನ್ನ ಕೈಲಿ ಕೊಟ್ಟದ್ದು ಯಾವತ್ತಾದ್ರೂ ಹಾಳಾದದ್ದು ಉಂಟಾ?"

ಮೆಂಡನ್ ನೆಮ್ಮದಿಯಿಂದ ಉಂಡ, ಅತಿಥಿಗಳಿಗೂ ಒತ್ತಾಯ ಮಾಡಿ ಬಡಿಸಿದ.

ಹಿಂತಿರುಗಿದಾಗ ಗೋದಾಮಿನ ಬಾಗಿಲಡಿಯಿಂದ ನೀರು ಹರಿದು ಅಂಗಳಕ್ಕೆ ಬರುತ್ತಿತ್ತು. ಗುಲಾಬಿಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ನಿಂತಳು.

"ಹೆದರ್ಬೇಡಿ ಧಣಿ. ಮೀನೂ ಹಾಗೇ, ಉಪ್ಪು ಹಾಕಿದ ಮೇಲೆ ಸುರುವಿಗೆ ಸ್ವಲ್ಪ ನೀರು ಬಿಡ್ತದೆ."