ಡೀನ್ ಹುಟ್ಟಿದ ವಾರ

“ಏಳು ತಿಂಗಳಿಂದ ಕಂಪ್ಯೂಟರ್ ಪಾಠ ಮಾಡ್ತಿದ್ದೀರಿ. ಎಲ್ಲಮ್ಮಾ ಕಂಪ್ಯೂಟರ್?” ಡೀನ್ ಅಬೆಲಾರ್ದೊ ಕೇಳಿದರು.

“ಹಡಗಿನಲ್ಲಿದೆ ಸರ್. ಅಲ್ಲೀತನಕ ಇವರೇ,” ಎಂದಳು ಎಡೆಲ್ಮಿರಾ.

ಅರೆಕಿಪಾ ನಗರದ ಆ ವಿಶ್ವವಿದ್ಯಾಲಯದ ಅಂಗಳದಲ್ಲಿ ಇಪ್ಪತ್ತಮೂರು ವಿದ್ಯಾರ್ಥಿಗಳು ಸ್ಲೇಟು ಹಿಡಿದು ಸಾಲಾಗಿ ಕೂತಿದ್ದರು. ಒಬ್ಬನದು ಕೂಡುವ ಕೆಲಸ, ಇನ್ನೊಬ್ಬಳದು ಭಾಗಿಸುವುದು. ಉಳಿದವರು ತಮ್ಮ ಪಾಲಿನ ಒಂದೊಂದು ಅಂಕಿಯನ್ನು ಸ್ಲೇಟಿನಲ್ಲಿ ಕಾಯ್ದಿಡಬೇಕು. ಈ ಯಂತ್ರ ಸರಿಯಾದ ಉತ್ತರ ಕೊಡದಿದ್ದರೆ ತರಗತಿಗೆ ಅಂದೇ ಬೀಗ. ಹಾಗೆಂದು ಡೀನ್ ಮೊದಲೇ ಹೇಳಿಯಾಗಿತ್ತು.

“ಒಂದು ತಾರೀಖು ಕೊಡಿ ಸರ್. ಯಾವ ವಾರ ಅಂತ ನಮ್ಮ ಯಂತ್ರ ಹೇಳುತ್ತೆ.”

“ಸಾವಿರದ ಒಂಬೈನೂರ ಮೂರು, ಮಾರ್ಚ್ ನಾಲ್ಕು. ನಾನು ಹುಟ್ಟಿದ ದಿನ. ಭಾನುವಾರ, ಇಗರ್ಜಿ ಗಂಟೆ ಹೊಡೀತಿತ್ತಂತೆ. ನೋಡೋಣ, ನಿಮ್ಮ ಯಂತ್ರ ಏನನ್ನುತ್ತೆ.”

ಚೀಟಿಗಳು ಕೈಯಿಂದ ಕೈಗೆ ಓಡಿದವು. ಸ್ಲೇಟುಗಳನ್ನು ಒರೆಸಿದರು, ಬರೆದರು, ಮತ್ತೆ ಒರೆಸಿದರು. ಕೊನೆಯ ಚೀಟಿ ಸೇರಿದ್ದು ರುಫಿನೊನ ಕೈಗೆ. ಅವನು ಎಡೆಲ್ಮಿರಾಳ ಹತ್ತಿರ ಬಗ್ಗಿ ಪಿಸುಗುಟ್ಟಿದ: “ಮೇಡಂ, ಬುಧವಾರ ಬಂದಿದೆ. ಭಾನುವಾರ ಅಂದ್ಬಿಡ್ಲಾ? ತರಗತಿನಾದ್ರೂ ಉಳಿಯುತ್ತೆ.”

ಅರೆಗಳಿಗೆ ಅವಳಿಗೂ ಆಸೆಯಾಯಿತು. ಮರುಗಳಿಗೆ, “ಬಂದದ್ದನ್ನೇ ಗಟ್ಟಿಯಾಗಿ ಓದು,” ಎಂದಳು.

“ಬುಧವಾರ.”

ಡೀನ್ ಮುಖ ಕೆಂಪಾಯಿತು. “ಹಾಗಾದ್ರೆ ನಮ್ಮಮ್ಮ ಸುಳ್ಳು ಹೇಳಿದಳೇನು?” ಎಂದವರೇ ಟೋಪಿ ಇಟ್ಟುಕೊಂಡು ಹೊರಟುಬಿಟ್ಟರು. ಎಡೆಲ್ಮಿರಾ ಸ್ಲೇಟುಗಳನ್ನು ಒಟ್ಟುಮಾಡತೊಡಗಿದಳು.

ಮಧ್ಯಾಹ್ನ ಡೀನ್ ಮರಳಿ ಬಂದರು. ಅವರ ತೋಳು ಹಿಡಿದುಕೊಂಡು ಕಪ್ಪು ಶಾಲು ಹೊದ್ದ ಪುಟ್ಟ ಮುದುಕಿಯೊಬ್ಬಳು ಬಂದಳು.

“ಹೇಳಮ್ಮಾ,” ಎಂದರು ಡೀನ್, ನೆಲ ನೋಡುತ್ತಾ.

“ಬುಧವಾರವೇ ಕಣ್ರೋ. ಇವನಪ್ಪ ಗಣಿ ಕೆಲಸದ ಮೇಲೆ ಊರಲ್ಲಿರಲಿಲ್ಲ. ಭಾನುವಾರದ ಮಗು ಅಂದ್ರೆ ಅದೃಷ್ಟ ಅಂತ ಊರವರು ಅಂತಿದ್ದರು, ಅದಕ್ಕೇ ಇವನಪ್ಪ ಬಂದಾಗ ಹಾಗಂದೆ. ಗಂಟೆ ನಾನೇ ಸೇರಿಸಿದ್ದು.”

ಅಂಗಳವೆಲ್ಲ ನಕ್ಕಿತು. ಡೀನ್ ಕೂಡ ತಡೆಯಲಾರದೆ ನಕ್ಕರು. “ಹಡಗು ಯಾವಾಗಲಾದರೂ ಬರಲಿ, ನಿಮ್ಮ ಪಾಠ ನಡೀಲಿ,” ಎಂದರು ಎಡೆಲ್ಮಿರಾಳಿಗೆ.

ಮುದುಕಿ ಮಾತ್ರ ಅಲ್ಲಿಂದ ಕದಲಲಿಲ್ಲ. ಸಾಲಿನುದ್ದಕ್ಕೂ ಒಂದೊಂದೇ ಮುಖವನ್ನು ದಿಟ್ಟಿಸಿ ನೋಡಿದಳು.

“ಅರವತ್ತೆರಡು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಂಡುಹಿಡಿದವರು ನಿಮ್ಮಲ್ಲಿ ಯಾರ್ರೋ?”

ಇಪ್ಪತ್ತಮೂರು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಅವರಿಗೂ ಗೊತ್ತಿರಲಿಲ್ಲ.