ಚಿಕೋರಿ ವಾಸನೆ

ಕೊಟ್ಟಿಗೆಹಾರದ ಹೋಟೆಲೊಂದರ ಶೌಚಾಲಯದ ಬಾಗಿಲನ್ನು ಯಾರೋ ಮತ್ತೆ ತಟ್ಟಿದಾಗ, ಕಾತ್ಯಾಯಿನಿ ಹೊಟ್ಟೆಗೆ ಅಂಟಿಸಿದ್ದ ಚೀಲವನ್ನು ಆಗಷ್ಟೇ ಖಾಲಿ ಮಾಡಿ ಅದರ ಬಾಯಿಗೆ ಕ್ಲಿಪ್ಪು ಹಾಕುತ್ತಿದ್ದಳು. ಕರುಳಿನ ಆಪರೇಷನ್ ಆದ ಮೇಲೆ ಮಲವೆಲ್ಲ ಬಂದು ಸೇರುವುದು ಆ ಚೀಲಕ್ಕೇ. ಅದನ್ನಿಟ್ಟುಕೊಂಡು ಬಸ್ಸು ಹತ್ತಿದ್ದು ಇವತ್ತೇ ಮೊದಲು.

"ಬಂದೆ, ಬಂದೆ!" ಎನ್ನುತ್ತಾ ಬಕೆಟ್ಟಿನ ನೀರನ್ನೆಲ್ಲ ಸುರಿದಳು. ಆದರೂ ವಾಸನೆ ಹೋಗಲಿಲ್ಲ ಅನ್ನಿಸಿತು. ಕಳಸದಲ್ಲಿರುವ ತಂಗಿಗೆಂದು ಒಯ್ಯುತ್ತಿದ್ದ ಕಾಫಿಪುಡಿ ನೆನಪಾಯಿತು. ಪೊಟ್ಟಣ ಬಿಚ್ಚಿ, ಗಿಡದ ಬುಡಕ್ಕೆ ಗೊಬ್ಬರ ಹಾಕುವ ಹಾಗೆ ಮೂಲೆಮೂಲೆಗೂ ಎರಚಿ, ತಲೆ ತಗ್ಗಿಸಿಕೊಂಡು ಬಾಗಿಲು ತೆರೆದಳು.

ಹೊರಗೆ ನಿಂತಿದ್ದ ಅಜ್ಜಿಯೊಬ್ಬರು ಮೂಗು ಅರಳಿಸಿದರು. ಕಾತ್ಯಾಯಿನಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

"ಎಂತ ಪುಡಿ ಮಾರಾಯ್ತಿ ಇದು? ಬರೀ ಚಿಕೋರಿ ವಾಸನೆ!"

ವಾಸನೆಗೆ ಹೆದರಿಯೇ ಇಷ್ಟು ದಿನ ಹೊಸಿಲು ದಾಟದೆ ಕೂತಿದ್ದವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಗ್ಗಿಸಿದ್ದ ತಲೆ ಎತ್ತಿ, ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

"ಒಂದು ಚೂರೂ ಚಿಕೋರಿ ಬೆರೆಸಿಲ್ಲ ಅಜ್ಜಿ! ನಮ್ಮ ತೋಟದ್ದೇ ಬೀಜ, ನಾನೇ ಹುರಿದಿದ್ದು. ಬೇಕಿದ್ರೆ ಒಳಗೆ ಹೋಗಿ ಸರಿಯಾಗಿ ಮೂಸಿ ನೋಡಿ!"