ಡ್ರಮ್ಸ್ ಇಲ್ಲದ ಹಾಡು

ಡೆನ್ಜಿಲ್‌ನ ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಂಡ ತೊಂಬತ್ತೊಂದರಲ್ಲಿ ಹೊರತಂದ ಒಂದೇ ಒಂದು ಕ್ಯಾಸೆಟ್ಟನ್ನು ಆಗ ಯಾರೂ ಕೇಳಿರಲಿಲ್ಲ. ಈಗ ಅದನ್ನು ಮರಳಿ ಬಿಡುಗಡೆ ಮಾಡಲು ಸಿಂಚನಾ ಎಂಬ ಹುಡುಗಿ ಮನೆಗೇ ಬಂದಿದ್ದಳು.

"ಕೊನೇ ಹಾಡಲ್ಲಿ ನಿಮ್ಮ ಡ್ರಮ್ಸ್ ಅದ್ಭುತ ಸರ್. ಗಿಟಾರು, ಕಿರುಚಾಟ ಎಲ್ಲ ತೆಗೆದು ಅದೊಂದನ್ನೇ ಕೇಳಿಸ್ತೀನಿ."

ಲ್ಯಾಪ್‌ಟಾಪಿನಿಂದ ಬಡಿತ ಕೇಳಿಸಿತು. ಮೂರು ಪೆಟ್ಟು, ಬಿಡುವು, ಮತ್ತೆ ಮೂರು. ಡೆನ್ಜಿಲ್ ಲ್ಯಾಪ್‌ಟಾಪಿನತ್ತ ಬಾಗಿದ.

"ಇದು ನಾನಲ್ಲಮ್ಮ. ಆ ಹಾಡಿಗೆ ನಾನು ಡ್ರಮ್ಸ್ ನುಡಿಸೇ ಇಲ್ಲ."

ಒಳಕೋಣೆಯಿಂದ ಅವನ ತಂದೆ ಗೋಡೆ ಹಿಡಿದುಕೊಂಡು ಬಂದರು. ಗಣಿಯ ರಕ್ಷಣಾ ತಂಡದ ಮುಖ್ಯಸ್ಥರಾಗಿದ್ದವರು.

"ಅದನ್ನ ನಿಲ್ಸು! ಎಲ್ಲಿ ರೆಕಾರ್ಡ್ ಮಾಡಿದ್ರೋ ಇದನ್ನ?"

"ನಿಮ್ಮ ಗಣೀಲೇ, ಪಪ್ಪಾ. ಸುರಂಗ ಕುಸಿದು ಕೆಲಸ ನಿಂತಿತ್ತಲ್ಲ, ಆಗ ಪಕ್ಕದ ಹಳೇ ಸುರಂಗಕ್ಕೆ ಕದ್ದು ಹೋಗಿದ್ವಿ. ಅಲ್ಲಿ ಕೂಗಿದ್ರೆ ಗವ್ ಅಂತ ಕೇಳುತ್ತೆ ಅಂತ."

"ಕುಸಿದ ದಿನಾನೇನಾ?"

"ಇಲ್ಲ, ಹನ್ನೊಂದು ದಿನ ಆದ್ಮೇಲೆ. ಯಾಕೆ?"

ಮುದುಕರು ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿದರು.

"ಒಳಗೆ ಸಿಕ್ಕಿಕೊಂಡೋರು ಬದುಕಿದ್ದೀವಿ ಅಂತ ಬಡಿಯೋದು ಹೀಗೇನೇ. ಅವರೆಲ್ಲ ಸತ್ತಿದ್ದಾರೆ ಅಂತ ನಾನು ಐದನೇ ದಿನಾನೇ ಬರೆದುಕೊಟ್ಟಿದ್ದೆ."